ಐಸ್‌ಗಾಡಿಯವನು ಎಣಿಸಿದ ನಾಡಿ

ಎವಾರಿಸ್ತೊ ಬೆನೀತೆಸ್‌ಗೆ ತನ್ನ ಹೆಂಡತಿಯ ಮೇಲೆ ಯಾವತ್ತೂ ಸಂಶಯ ಬಂದದ್ದಿಲ್ಲ. ಊರಿನ ಉಳಿದ ಗಂಡಸರೆಲ್ಲರ ಮೇಲೂ ಇತ್ತು. ದಿಯೊನೀಸಿಯಾ ಅಪರಂಜಿಯಂಥ ಹೆಂಗಸು, ಆದರೆ ಅಪರಂಜಿ ಇದ್ದಲ್ಲಿ ಕಳ್ಳರು ಸುಳಿಯುತ್ತಾರಲ್ಲ ಎಂಬುದು ಅವನ ವಾದ. ಮದುವೆಯಾದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವನು ಅಂಚೆಯವನ ಮೇಲೆ, ಗುಂಡಿ-ದಾರ ಮಾರುವ ಮುದುಕನ ಮೇಲೆ, ಹಲ್ಲಿನ ಡಾಕ್ಟರ ಮೇಲೆ ("ಅಷ್ಟು ಹೊತ್ತು ಬಾಯಿ ತೆರ್ಕೊಂಡು ಕೂರೋಕೆ ಅಲ್ಲಿ ಏನಿತ್ತು?") ಹೊಟ್ಟೆ ಉರಿದುಕೊಂಡಿದ್ದ. ಒಮ್ಮೆ ಅವಳು ಮನೆಯ ಮೂಲೆಯಲ್ಲಿದ್ದ ಸಂತ ಅಂತೋನಿಯೊನ ಮರದ ವಿಗ್ರಹದ ಮುಂದೆ ಅರ್ಧ ಗಂಟೆ ಪಿಸುಗುಟ್ಟಿದ್ದನ್ನು ಕಂಡು, ಮರುದಿನ ಸಂತನ ಮುಖವನ್ನೇ ಗೋಡೆಗೆ ತಿರುಗಿಸಿಟ್ಟ. ನಮ್ಮಲ್ಲಿ ಹಾಗೆ ತಿರುಗಿಸಿಡುವವರು ಮದುವೆ ಕೂಡಿಬರದ ಹುಡುಗಿಯರು. ಗಂಡು ತೋರಿಸುವ ತನಕ ಸಂತನಿಗೆ ಅದೇ ಶಿಕ್ಷೆ. ಬೆಂಕಿ ಕೇಳಲು ಬಂದ ನೆರೆಮನೆಯಾಕೆ ಅದನ್ನು ನೋಡಿ, "ಏನು ದೋನ್ ಎವಾರಿಸ್ತೊ, ಇನ್ನೊಬ್ಬಳು ಬೇಕಾ?" ಎಂದು ಕೇಳಿ ಹೋದಳು. ಸಂಜೆಯೊಳಗೆ ಸುದ್ದಿ ಊರೆಲ್ಲ ಸುತ್ತಿತು.

ಅವನದು ಐಸ್ ವ್ಯಾಪಾರ. ಅಸುನ್ಸಿಯೋನ್‌ನಿಂದ ಬಸ್ಸಿನಲ್ಲಿ ಮೂರು ಗಂಟೆ ದೂರದ ನಮ್ಮ ಸಾನ್ ಲಿಬೊರಿಯೊದಲ್ಲಿ ಬೇಸಿಗೆಯೆಂದರೆ ಕಾದ ಕಾವಲಿ. ತಣ್ಣೀರಿಗೆ ಗಿಡಮೂಲಿಕೆ ಜಜ್ಜಿ ಹಾಕಿ ತೆರೆರೆ ಹೀರದೆ ಇಲ್ಲಿ ಯಾರ ಬೆಳಗೂ ಮುಂದೆ ಸರಿಯುವುದಿಲ್ಲ; ಐಸ್ ಇಲ್ಲದೆ ತೆರೆರೆ ಗಂಟಲಲ್ಲಿ ಇಳಿಯುವುದಿಲ್ಲ. ಮನೆಮನೆಗೂ ಫ್ರಿಜ್ ಬಂದಾಗ ಎವಾರಿಸ್ತೊನ ಗಾಡಿ ಮೂಲೆ ಸೇರುತ್ತದೆ ಎಂದು ನಾವೆಲ್ಲ ಭವಿಷ್ಯ ನುಡಿದಿದ್ದೆವು. ಕರೆಂಟು ಹೋಗುವ ಸಂಗತಿ ನಮ್ಮಂಥ ಜ್ಞಾನಿಗಳಿಗೆ ಹೊಳೆದಿರಲಿಲ್ಲ. ಅಪ್ಪನ ಕಾಲದಿಂದ ಬರಿಗೈಯಲ್ಲೇ ಐಸ್ ಗಡ್ಡೆ ಎತ್ತಿ, ಒಡೆದು, ಚೀಲಕ್ಕೆ ತುಂಬಿ, ಅವನ ಬೆರಳುಗಳು ಬಿಸಿ-ತಂಪಿನ ಭೇದವನ್ನೇ ಮರೆತಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಇಲ್ಲದೆ ಇಳಿಸಿ ಮೀಸೆ ತಿರುವುತ್ತಿದ್ದ. ಆದರೆ ಗಡ್ಡೆಯೊಳಗೆ ಸಣ್ಣ ಬಿರುಕು ಬಿಟ್ಟರೂ ಆ ಸದ್ದು ಬೆರಳಿಗೆ ಗೊತ್ತಾಗುತ್ತಿತ್ತು.

ಅಂಚೆಯವನು, ಹಲ್ಲಿನ ಡಾಕ್ಟರು ಇವೆಲ್ಲ ಬಂದು ಹೋಗುವ ಸಂಶಯಗಳು. ವರ್ಷವಿಡೀ ಕಾಯಿ ಬಿಡುತ್ತಿದ್ದ ಮರ ಒಂದೇ: ಕ್ರಿಸ್ಪೀನ್ ಓವೆಲಾರ್. ಮೂವತ್ತು ವರ್ಷಗಳ ಹಿಂದೆ ದಿಯೊನೀಸಿಯಾಳ ಕಿಟಕಿಯ ಕೆಳಗೆ ಸತತ ಮೂರು ಸಂಜೆ ಹಾಡಿದ ಆಸಾಮಿ. ನಾಲ್ಕನೆಯ ದಿನ ಅವಳ ತಾಯಿಗೆ ಜ್ವರ ಏರಿತು. ಎವಾರಿಸ್ತೊ ಒಂದಿಡೀ ಗಡ್ಡೆ ಐಸ್ ಹೊತ್ತು ತಂದ. ಹಾಡಿಗಿಂತ ಐಸ್ ಮೇಲೆಂದು ಭಾವೀ ಅತ್ತೆ ತೀರ್ಪು ಕೊಟ್ಟಳು. ಕ್ರಿಸ್ಪೀನ್ ಬೇರೊಬ್ಬಳನ್ನು ಮದುವೆಯಾದ, ವಿಧುರನಾದ, ಊರಿನ ರೇಡಿಯೊದ ದನಿಯಾದ. ದಿನಾ ಸಂಜೆ ಐದಕ್ಕೆ ಹುಟ್ಟುಹಬ್ಬ, ಸಾವು, ಕಳೆದುಹೋದ ಹಸು ಎಲ್ಲವನ್ನೂ ಜೇನಿನಲ್ಲಿ ಅದ್ದಿ ತೆಗೆದ ದನಿಯಲ್ಲಿ ಓದುತ್ತಿದ್ದ. ಅವನ ಬಾಯಲ್ಲಿ ಕಳೆದುಹೋದ ಹಸು ಕೂಡ ಪ್ರೇಯಸಿಯಂತೆ ಕೇಳಿಸುತ್ತಿತ್ತು.

ಆ ಫೆಬ್ರವರಿಯಲ್ಲಿ ಡೆಂಗಿ ಬಂತು. ಶಾಲೆ ತೆರೆಯಲು ಎರಡು ವಾರ ಇತ್ತು. ದಿಯೊನೀಸಿಯಾ ಊರಿನ ಮಕ್ಕಳ ಬಿಳಿ ನಿಲುವಂಗಿ ಹೊಲಿಯುತ್ತಿದ್ದವಳು ನಲವತ್ತನೆಯ ಅಂಗಿಯ ತೋಳಿನ ಮೇಲೇ ತಲೆಯಿಟ್ಟು ಮಲಗಿದಳು. ಆಸ್ಪತ್ರೆಯಲ್ಲಿ ಮಂಚ ಇಪ್ಪತ್ತೆರಡು, ಪಾಳಿಗೆ ನರ್ಸ್ ಇಬ್ಬರು. ಹೀಗಾಗಿ ಜೊತೆಗೆ ಬಂದವರ ಕೈಗೇ ಒಂದು ಪೆನ್ನು, ಒಂದು ಥರ್ಮಾಮೀಟರು, ಒಂದು ಹಾಳೆ.

ನರ್ಸ್ ಎಲಾದಿಯಾ ಅವನಿಗೆ ನಾಡಿ ಹಿಡಿಯುವುದನ್ನು ಕಲಿಸಿದಳು. "ನೋಡಿ ದೋನ್ ಎವಾರಿಸ್ತೊ, ಎರಡು ಗಂಟೆಗೊಂದ್ಸಲ. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಪೂರ್ತಿ ಒಂದು ಸುತ್ತು ಬರೋವರೆಗೂ ಎಣಿಸ್ಬೇಕು. ಅರ್ಧ ಸುತ್ತು ಎಣಿಸಿ ಎರಡರಿಂದ ಗುಣಿಸೋ ಜಾಣತನ ಬೇಡ."

"ಇಷ್ಟೇನಾ?"

"ಇನ್ನೊಂದಿದೆ, ಕಿವಿ ಕೊಟ್ಟು ಕೇಳಿ. ಜ್ವರ ಇಳಿದ ಮೇಲೆ ನಾಡಿ ನೂರು ದಾಟಿದ್ರೆ ನನ್ನನ್ನ ಹುಡುಕಿಕೊಂಡು ಓಡಿ ಬರ್ಬೇಕು. ನಾನು ಕಕ್ಕಸಲ್ಲಿದ್ರೂ ಸರಿ, ಬಾಗಿಲು ಬಡೀರಿ."

"ಜ್ವರ ಇಳಿದ್ರೆ ಒಳ್ಳೇದಲ್ವಾ ತಾಯಿ?"

"ಡೆಂಗಿ ಮೋಸ ಮಾಡೋದೇ ಅಲ್ಲಿ."

ಎವಾರಿಸ್ತೊ ಕೆಲಸವನ್ನು ಶ್ರದ್ಧೆಯಿಂದ ಹಿಡಿದ. ಸೊಳ್ಳೆಪರದೆಯೊಳಗೆ ಕೈ ತೂರಿಸಿ ಹೆಂಡತಿಯ ಮಣಿಕಟ್ಟು ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸುವಾಗ ಜಪಕ್ಕೆ ಕೂತವನಂತೆ ಕಾಣುತ್ತಿದ್ದ. ಜ್ವರ ಮೂವತ್ತೊಂಬತ್ತೂವರೆ ಸೆಲ್ಸಿಯಸ್, ನಾಡಿ ತೊಂಬತ್ತು. ಮೈ ಕೆಂಡವಾಗಿದ್ದರೂ ನಾಡಿ ಅಷ್ಟೇನೂ ಓಡದಿರುವುದು ಡೆಂಗಿಯಲ್ಲಿ ಇದ್ದದ್ದೇ ಎಂದಳು ಎಲಾದಿಯಾ. ಹಾಳೆಯನ್ನು ಮಂಚದ ಕಾಲಬದಿಗೆ ದಾರದಲ್ಲಿ ಕಟ್ಟಿ ತೂಗುಬಿಡುತ್ತಿದ್ದರು, ಡಾಕ್ಟರಿಗೆ ಕಾಣಲೆಂದು. ಡಾಕ್ಟರಿಗಿಂತ ಮೊದಲು ಅದನ್ನು ಓದುತ್ತಿದ್ದವಳು ಪಕ್ಕದ ಮಂಚದ ಉರ್ಸುಲಾ. ಎಪ್ಪತ್ತು ದಾಟಿದ ಮುದುಕಿ, ಜ್ವರ ಬಿಟ್ಟಿತ್ತು, ನಾಲಿಗೆ ಬಿಟ್ಟಿರಲಿಲ್ಲ. ಎಲ್ಲರ ಹಾಳೆಯನ್ನೂ ಗಟ್ಟಿಯಾಗಿ ಓದಿ ಹೇಳುವುದು ತನ್ನ ಧರ್ಮವೆಂದು ತಿಳಿದಿದ್ದಳು.

ಮೂರನೆಯ ದಿನ ಸಂಜೆ ಐದಕ್ಕೆ, ವಾರ್ಡಿನ ಕಿಟಕಿಯಲ್ಲಿ ಕೂತಿದ್ದ ರೇಡಿಯೊ ಗಂಟಲು ಸರಿಪಡಿಸಿಕೊಂಡಿತು. ಕ್ರಿಸ್ಪೀನ್ ಜ್ವರದಲ್ಲಿ ಮಲಗಿದವರ ಹೆಸರುಗಳನ್ನು ಒಂದೊಂದಾಗಿ ಹಾರೈಸುತ್ತ ಬಂದ. ಎಲ್ಲರಿಗೂ ಒಂದೊಂದು ಸಾಲು. ಆಮೇಲೆ: "ನಮ್ಮೂರ ಮಕ್ಕಳಿಗೆ ಬಿಳಿಯ ಅಂಗಿ ತೊಡಿಸುವ ಚಿನ್ನದ ಕೈಗಳ ದಿಯೊನೀಸಿಯಾ, ನೀನಿಲ್ಲದೆ ಶಾಲೆಯ ಗಂಟೆ ಬಾರಿಸುವುದಾದರೂ ಹೇಗೆ?"

ಎವಾರಿಸ್ತೊ ತಟ್ಟನೆ ಹೆಂಡತಿಯ ಮಣಿಕಟ್ಟು ಹಿಡಿದ. ತೊಂಬತ್ತೆಂಟು. ಒಂದು ಗಂಟೆಯ ಹಿಂದೆ ತೊಂಬತ್ತೊಂದಿತ್ತು. ನಡುವೆ ಅವಳು ಎದ್ದು ಕೂತು ಎರಡು ಲೋಟ ಎಳನೀರು ಕುಡಿದದ್ದು ಅವನ ಲೆಕ್ಕಕ್ಕೆ ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಾಕ್ಷಿಯೇ ಇಲ್ಲದೆ ನಡೆದ ಮೊಕದ್ದಮೆಗೆ ಇವತ್ತು ಮೊದಲ ಸಾಕ್ಷಿ ಸಿಕ್ಕಿತ್ತು, ಅದೂ ಅಂಕಿಯ ರೂಪದಲ್ಲಿ. ಇಂಥ ಸೌಕರ್ಯ ಯಾವ ಹೊಟ್ಟೆಕಿಚ್ಚಿನ ಗಂಡನಿಗೆ ಸಿಕ್ಕೀತು? ನಾವೆಲ್ಲ ಬರೀ ಮುಖ ನೋಡಿ ಊಹಿಸುವವರು.

ನಾಲ್ಕನೆಯ ದಿನ ಐದಕ್ಕೆ ಐದು ನಿಮಿಷವಿದ್ದಾಗ ಅವನು ಕಿಟಕಿಯ ಬಳಿ ಸುಳಿದಾಡಿದ. ರೇಡಿಯೊ ಸತ್ತುಹೋಯಿತು.

"ಏನಾಯ್ತು ಅದಕ್ಕೆ?" ಇಡೀ ವಾರ್ಡು ಗುಲ್ಲೆಬ್ಬಿಸಿತು.

"ಕರೆಂಟು ಹೋಯ್ತು," ಎಂದ ಎವಾರಿಸ್ತೊ.

"ಫ್ಯಾನು ತಿರುಗ್ತಿದ್ಯಲ್ಲಪ್ಪ," ಎಂದಳು ಉರ್ಸುಲಾ.

"ರೇಡಿಯೊ ಕರೆಂಟು ಬೇರೆ."

ಐದನೆಯ ದಿನ ಬೆಳಿಗ್ಗೆ ದಿಯೊನೀಸಿಯಾಳ ಜ್ವರ ಇಳಿದಿತ್ತು. ಮೂವತ್ತಾರು ಪಾಯಿಂಟ್ ಎಂಟು. ನಾಡಿ ಎಂಬತ್ತೆಂಟು. ಎಲಾದಿಯಾ ಬಂದು ರಕ್ತದೊತ್ತಡ ನೋಡಿ, ಇನ್ನೆರಡು ದಿನ ಹುಷಾರು ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು. ಎವಾರಿಸ್ತೊ ಹಗುರಾಗಿ ಜಗಲಿಗೆ ಬಂದರೆ ಅಲ್ಲಿ ಉರ್ಸುಲಾ ಗಾಳಿಗೆ ಕೂತಿದ್ದಳು.

"ಗೊತ್ತಾಯ್ತಾ? ಇವತ್ತು ಕ್ರಿಸ್ಪೀನ್ ಸ್ವತಃ ಬರ್ತಾನಂತೆ."

"ಎಲ್ಲಿಗೆ?"

"ಇಲ್ಲಿಗೇ. ನಿನ್ನೆ ರೇಡಿಯೊ ಸತ್ತಿತ್ತಲ್ಲ, ನಮ್ಮ ಮಗಳು ಹೋಗಿ ಹೇಳಿದ್ಳು, ವಾರ್ಡಲ್ಲಿ ಯಾರಿಗೂ ಕೇಳಿಸ್ಲಿಲ್ಲ ಅಂತ. 'ಹಾಗಾದ್ರೆ ನಾನೇ ಬಂದು ಮಂಚಮಂಚಕ್ಕೂ ಓದ್ತೀನಿ' ಅಂದ್ನಂತೆ. ಎಂಥ ಮನುಷ್ಯ ನೋಡು!"

ಎಂಥ ಮನುಷ್ಯ ಎಂಬುದು ಎವಾರಿಸ್ತೊನಿಗೆ ಚೆನ್ನಾಗಿ ಗೊತ್ತಿತ್ತು. ತಾನೇ ಕಿತ್ತ ತಂತಿ ಹಾವಾಗಿ ತನ್ನ ಕಾಲಿಗೇ ಸುತ್ತಿಕೊಂಡಿತ್ತು. ಒಳಗೆ ಬಂದರೆ ಹೆಂಡತಿ ಕಣ್ಣು ಮುಚ್ಚಿಕೊಂಡೇ, "ಮುದುಕಾ, ನನ್ನ ಬಾಚಣಿಗೆ ಕೊಡು," ಎಂದಳು.

ಬಾಚಣಿಗೆ! ಐದು ದಿನದಿಂದ ತಲೆಗೂದಲು ಕಾಗೆ ಗೂಡಾಗಿದ್ದರೂ ಕೇಳದವಳಿಗೆ ಇವತ್ತು ಬಾಚಣಿಗೆ ಬೇಕಾಯಿತು. ಕೊಟ್ಟ. ಹನ್ನೆರಡಕ್ಕೆ ನಾಡಿ ಹಿಡಿದ. ನೂರ ನಾಲ್ಕು.

ಎಲಾದಿಯಾ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಚೆನ್ನಾಗಿ ನೆನಪಿತ್ತು. ಆದರೆ ಅವಳು ಹೇಳಿದ್ದು ಕಾಯಿಲೆಯ ನೂರು. ಇದು ಕ್ರಿಸ್ಪೀನನ ನೂರು. ಇದನ್ನು ಹಾಳೆಯಲ್ಲಿ ಬರೆದರೆ ಉರ್ಸುಲಾ ಗಟ್ಟಿಯಾಗಿ ಓದುತ್ತಾಳೆ, ಇಡೀ ವಾರ್ಡು ಲೆಕ್ಕ ಹಾಕುತ್ತದೆ, ಸಂಜೆಗೆ ಊರು ನಗುತ್ತದೆ. ಪೆನ್ನು ಹಾಳೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಎಂಬತ್ತು ಎಂದು ಬರೆಯಿತು.

ಎರಡಕ್ಕೆ ನೂರ ಹನ್ನೆರಡು. ಎಂಬತ್ತೆರಡು ಎಂದು ಬರೆದ. ದಿಯೊನೀಸಿಯಾ ಎಳನೀರು ಬೇಡವೆಂದಳು, ಕುಡಿದದ್ದನ್ನು ಒಮ್ಮೆ ವಾಂತಿ ಮಾಡಿಕೊಂಡಳು. ಮದುವೆಯ ಹಿಂದಿನ ದಿನವೂ ಇವಳಿಗೆ ಹೀಗೇ ಆಗಿತ್ತಲ್ಲ, ಸಂಭ್ರಮಕ್ಕೆ, ಎಂದು ಎವಾರಿಸ್ತೊ ಹಲ್ಲು ಕಚ್ಚಿದ.

ನಾಲ್ಕಕ್ಕೆ ಎಣಿಸುವಾಗ ಅವನ ತುಟಿ ನಾಡಿಯ ವೇಗಕ್ಕೆ ಸಾಟಿಯಾಗದೆ ಎರಡು ಸಲ ತಪ್ಪಿತು. ಒನಕೆಯಲ್ಲಿ ಅವಲಕ್ಕಿ ಕುಟ್ಟಿದಂತೆ ಓಡುತ್ತಿತ್ತು. ನೂರ ಇಪ್ಪತ್ತೊಂದು. ಅಷ್ಟರಲ್ಲಿ ಬಾಗಿಲಲ್ಲಿ ಇಸ್ತ್ರಿ ಮಾಡಿದ ಬಿಳಿ ಷರ್ಟು, ಎಣ್ಣೆ ಹಚ್ಚಿದ ಕ್ರಾಪು, ಕೈಯಲ್ಲೊಂದು ಕಲ್ಲಂಗಡಿ ಕಾಣಿಸಿಕೊಂಡವು. ಎವಾರಿಸ್ತೊ ಎಂಬತ್ತನಾಲ್ಕು ಎಂದು ಗೀಚಿ ಪೆನ್ನನ್ನು ಜೇಬಿಗೆ ಸೇರಿಸಿದ.

ಕ್ರಿಸ್ಪೀನ್ ಮಂಚದಿಂದ ಮಂಚಕ್ಕೆ ಹಾರೈಸುತ್ತ ಬಂದ. ಉರ್ಸುಲಾಳಿಗೆ "ನಮ್ಮೂರ ಹಳೆಯ ಗುಲಾಬಿ" ಎಂದ.

"ಮುಳ್ಳು ಮಾತ್ರ ಉಳಿದಿದೆ ಮಗಾ," ಎಂದಳು ಮುದುಕಿ. "ಹೋಗು, ಆ ಐಸಿನವನು ನಿನ್ನ ನೋಡಿ ಕರಗ್ತಾ ಇದ್ದಾನೆ."

ಕ್ರಿಸ್ಪೀನ್ ದಿಯೊನೀಸಿಯಾಳ ಮಂಚಕ್ಕೆ ಬಂದ. ಪರದೆ ಸರಿಸಿ, ಹೆಂಗಸರನ್ನು ಮಾತಾಡಿಸುವ ಹಳೆಯ ಕ್ರಮದಂತೆ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನೀಸಿ," ಎಂದ.

ನೀಸಿ! ಆ ಮುದ್ದಿನ ಹೆಸರು ತನ್ನ ಖಾಸಾ ಆಸ್ತಿ ಎಂದು ಎವಾರಿಸ್ತೊ ತಿಳಿದಿದ್ದ. ಆದರೆ ಮುಂದಿನ ಮಾತು ಬಂದಾಗ ದನಿಯಲ್ಲಿ ಜೇನು ಇರಲಿಲ್ಲ.

"ಎವಾರಿಸ್ತೊ, ಇವಳ ಕೈ ಐಸಿನ ಹಾಗಿದ್ಯಲ್ಲೋ."

"ಐಸಿನ ವಿಷಯ ನನಗೆ ಹೇಳಿಕೊಡಬೇಡ. ಮೊದಲು ಆ ಕೈ ಬಿಡು."

"ಬಿಟ್ಟೆ ಮಾರಾಯ. ನೀನೇ ಹಿಡಿದು ನೋಡು. ಈ ಸೆಕೆಯಲ್ಲಿ ಇಷ್ಟು ತಣ್ಣಗೆ ಇರ್ತದಾ?"

ಎವಾರಿಸ್ತೊ ಹಿಡಿದ. ಏನೂ ಗೊತ್ತಾಗಲಿಲ್ಲ. ಎರಡೂ ಕೈಯಲ್ಲಿ ಹಿಡಿದ. ಬೆರಳಿಗೆ ಅದು ಕೈ, ಅಷ್ಟೇ. ಮೂವತ್ತು ವರ್ಷ ಅವನು ಈ ಮನುಷ್ಯನ ದನಿಗೆ ಕರುಬಿದ್ದ, ಕ್ರಾಪಿಗೆ ಕರುಬಿದ್ದ, ಇಸ್ತ್ರಿ ಷರ್ಟಿಗೆ ಕರುಬಿದ್ದ. ಈಗ ಮೊದಲ ಸಲ ಅವನ ಬೆರಳುಗಳಿಗೆ ಕರುಬಿದ. ನನ್ನ ಹೆಂಡತಿಯ ಕೈ ತಣ್ಣಗಾದದ್ದು ಅವನಿಗೆ ತಿಳಿಯಿತು, ನನಗೆ ತಿಳಿಯಲಿಲ್ಲ. ಇದಕ್ಕಿಂತ ಉರಿ ಇನ್ನೇನು ಬೇಕು?

"ನೀಸಿ, ಕೈ ತಣ್ಣಗಿದ್ಯೇನೇ?"

"ಹೊಟ್ಟೆ ನೋಯ್ತಿದೆ... ಸುಮ್ನೆ ಮಲಗೋಕೆ ಬಿಡ್ರೋ," ಎಂದಳು ಅವಳು. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಬಂದವನು ಯಾರೆಂದು ಕಣ್ಣು ಬಿಟ್ಟೂ ನೋಡಲಿಲ್ಲ.

ಆ ನಿಮಿಷದಲ್ಲಿ ಎವಾರಿಸ್ತೊನ ಮುಂದೆ ಇದ್ದದ್ದು ಎರಡೇ ದಾರಿ. ಕ್ರಿಸ್ಪೀನ್ ಸುಳ್ಳುಗಾರ ಎಂದು ನಂಬುವುದು ಒಂದು. ಅದು ಅಭ್ಯಾಸವಾದ ದಾರಿ. ಇನ್ನೊಂದು, ಅವನ ಕೈಯನ್ನು ನಂಬಿ, ಹಾಳೆಯ ಸುಳ್ಳನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು. ಅವನು ಹೆಂಡತಿಯ ತುಟಿ ನೋಡಿದ. ಆಮೇಲೆ ಓಡಿದ.

ಎಲಾದಿಯಾ ನಿಜವಾಗಿಯೂ ಕಕ್ಕಸಿನಲ್ಲಿದ್ದಳು. ಬಾಗಿಲು ಮುರಿಯುವಂತೆ ಬಡಿದ.

"ಎಂಬತ್ನಾಲ್ಕಲ್ಲ! ನೂರ ಇಪ್ಪತ್ತೊಂದು!"

"ಯಾರದ್ದು?" ಎಂದಳು ಅವಳು ಒಳಗಿನಿಂದಲೇ.

"ನಮ್ಮವಳದ್ದು! ಮಧ್ಯಾಹ್ನದಿಂದ ಓಡ್ತಿದೆ! ನಾನು ಸುಳ್ಳು ಬರೆದೆ!"

ಎಲಾದಿಯಾ ಹೊರಗೆ ಬಂದ ವೇಗದಲ್ಲೇ ಡಾಕ್ಟರ್ ಸಮೂದಿಯೊಳನ್ನು ಕೂಗಿದಳು. ಹೊಸದಾಗಿ ಓದು ಮುಗಿಸಿ ಬಂದ ಆ ಹುಡುಗಿ ದಿಯೊನೀಸಿಯಾಳ ಉಗುರು ಒತ್ತಿ ಬಿಟ್ಟಳು. ಬಿಳುಪು ಹಾಗೇ ನಿಂತಿತು, ಕೆಂಪು ಮೆಲ್ಲಗೆ ಬಂತು. ರಕ್ತದೊತ್ತಡ ಮೇಲೆ ನೂರು, ಕೆಳಗೆ ಎಂಬತ್ತಾರು. "ಎರಡೂ ಹತ್ತಿರ ಬಂದುಬಿಟ್ಟಿವೆ," ಎಂದಳು. "ರಕ್ತದ ನೀರು ಸೋರಿ ಹೋಗ್ತಿದೆ. ಒಳಗೆ ಕಮ್ಮಿ ಆದಷ್ಟೂ ಹೃದಯ ಓಡಿ ಓಡಿ ತುಂಬೋಕೆ ನೋಡ್ತಿದೆ. ಎರಡು ಬಾಟಲಿ ಒಟ್ಟಿಗೇ ಹಾಕಿ, ಬೇಗ." ಸೂಜಿ ಚುಚ್ಚುತ್ತಲೇ ಕೇಳಿದಳು: "ಹಾಳೇಲಿ ಎಂಬತ್ತು, ಎಂಬತ್ತೆರಡು ಅಂತಿದ್ಯಲ್ಲ ದೋನ್ ಎವಾರಿಸ್ತೊ? ಎಣಿಸೋಕೆ ಬರ್ಲಿಲ್ವಾ?"

"ಎಣಿಸಿದ್ದು ಸರಿ ಇತ್ತು."

"ಮತ್ತೆ?"

ಎವಾರಿಸ್ತೊ ಇಂಗು ತಿಂದ ಮಂಗನಂತೆ ನಿಂತ. "ಇವ್ನು ಬರ್ತಾನೆ ಅಂತ ಓಡ್ತಿದೆ ಅಂದ್ಕೊಂಡೆ," ಎಂದು ಕ್ರಿಸ್ಪೀನನತ್ತ ಗದ್ದ ತೋರಿಸಿದ.

ಕ್ರಿಸ್ಪೀನನ ಕೈಯಿಂದ ಕಲ್ಲಂಗಡಿ ಜಾರುವುದರಲ್ಲಿತ್ತು. "ನಾನಾ? ನನಗೆ ಐವತ್ತೇಳು ವರ್ಷ, ಎವಾರಿಸ್ತೊ. ಮಂಡಿ ನೋವು."

"ಅವನು ಬರೋ ಸುದ್ದಿ ನಾನು ಹೇಳಿದ್ದು ನಿನಗೊಬ್ಬನಿಗೇ ಕಣೋ," ಎಂದಳು ಉರ್ಸುಲಾ. "ಅವಳಿಗೆ ಯಾರು ಹೇಳಿದ್ರು?"

"ಬಾಚಣಿಗೆ ಕೇಳಿದ್ಳಲ್ಲ..."

ಮಂಚದಿಂದ ದಾರದಷ್ಟು ಸಣ್ಣ ದನಿ ಬಂತು. "ಬೆನ್ನು ತುರಿಸ್ಕೊಳ್ಳೋಕೆ ಕಣೋ, ಕತ್ತೆ."

ಯಾರೂ ನಗಲಿಲ್ಲ. ಉರ್ಸುಲಾ ಕೂಡ ನಗದೆ ಜಪಮಣಿ ತೆಗೆದಳು. ಅದೇ ಎವಾರಿಸ್ತೊನಿಗೆ ಹೆಚ್ಚು ಭಯ ಹುಟ್ಟಿಸಿತು. ಎಲಾದಿಯಾ ಅವನಿಂದ ಪೆನ್ನು ಕಿತ್ತುಕೊಳ್ಳಲಿಲ್ಲ. "ಹದಿನೈದು ನಿಮಿಷಕ್ಕೊಂದ್ಸಲ ಎಣಿಸಿ. ಗಟ್ಟಿಯಾಗಿ ಹೇಳಿ, ನನಗೆ ಕೇಳೋ ಹಾಗೆ," ಎಂದಳಷ್ಟೆ. ಅವನು ಕೂಗಿ ಹೇಳಿದ: ನೂರ ಹದಿನೆಂಟು. ನೂರ ಹದಿನಾರು. ನೂರ ಹದಿನೆಂಟು ಮತ್ತೆ. ಆಗ ಅವನ ದನಿ ಒಡೆಯಿತು. ಮೂರನೆಯ ಬಾಟಲಿ ಹತ್ತಿತು. ನೂರ ಎಂಟು. ಕತ್ತಲಾಗುವ ಹೊತ್ತಿಗೆ ತೊಂಬತ್ತಾರು. ಕ್ರಿಸ್ಪೀನ್ ಅಂದಿನ ಐದು ಗಂಟೆಯ ಕಾರ್ಯಕ್ರಮಕ್ಕೆ ಹೋಗದೆ, ಮಂಚದ ಆಚೆ ಬದಿಯಲ್ಲಿ ನಿಂತು ಆಗಾಗ ಅವಳ ಪಾದ ಮುಟ್ಟಿ, "ಇನ್ನೂ ತಣ್ಣಗಿದೆ," ಎನ್ನುತ್ತಿದ್ದ. ಕೊನೆಗೊಮ್ಮೆ "ಬೆಚ್ಚಗಾಗ್ತಿದೆ" ಎಂದ. ಪರಪುರುಷನೊಬ್ಬ ಹೆಂಡತಿಯ ಪಾದ ಹಿಡಿದಿದ್ದಾನೆ, ತಾನು ಎದುರಿಗೆ ಕೂತು "ಇನ್ನೊಂದ್ಸಲ ನೋಡು, ಇನ್ನೊಂದ್ಸಲ ನೋಡು" ಎಂದು ಗೋಗರೆಯುತ್ತಿದ್ದಾನೆ. ತನ್ನ ಬಾಳಿನಲ್ಲಿ ಇಂಥ ದಿನ ಬಂದೀತೆಂದು ಎವಾರಿಸ್ತೊ ಕನಸಿನಲ್ಲೂ ಎಣಿಸಿರಲಿಲ್ಲ.

ಮೂರು ದಿನ ಕಳೆಯಿತು. ದಿಯೊನೀಸಿಯಾ ಎದ್ದು ಕೂತಳು, ಜೋಳದ ರೊಟ್ಟಿ ತಿಂದಳು, ಗಂಡನನ್ನು ಬೈಯುವಷ್ಟು ಉಸಿರು ಬಂತು. ಬೆಳಗಿನ ರೌಂಡಿಗೆ ಬಂದ ಡಾಕ್ಟರ್ ಸಮೂದಿಯೊ ಹೊಸದಾಗಿ ಸೇರಿದ ರೋಗಿಗಳ ಕಡೆಯವರಿಗೆ, "ಜ್ವರ ಇಳಿದ ದಿನ ಕೈಕಾಲು ಮುಟ್ಟಿ ನೋಡ್ತಿರಿ. ಈ ದೋನ್ ಎವಾರಿಸ್ತೊ ಸರಿಯಾದ ಸಮಯಕ್ಕೆ ಓಡಿ ಬಂದ್ರು," ಎಂದು ಅವನನ್ನೇ ತೋರಿಸಿದಳು. ಎವಾರಿಸ್ತೊ ಹೊಗಳಿಕೆಯನ್ನು ಅರ್ಧ ನಿಮಿಷ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ. ಆಮೇಲೆ ನುಂಗಲಾಗದೆ, "ಓಡಿದ್ದು ನಾನು. ತಣ್ಣಗಿದೆ ಅಂತ ಕಂಡುಹಿಡಿದಿದ್ದು ಕ್ರಿಸ್ಪೀನ್," ಎಂದ. ಅಷ್ಟು ಹೇಳಿದ್ದಕ್ಕೆ ಮಧ್ಯಾಹ್ನದವರೆಗೂ ಮನಸ್ಸಿನಲ್ಲೇ ಪಶ್ಚಾತ್ತಾಪಪಟ್ಟ.

ಅವನ ಗೋಳು ಇನ್ನೊಂದಿತ್ತು. ಡಾಕ್ಟರನ್ನು ಬದಿಗೆ ಕರೆದು, "ಈಗ ಐವತ್ತೆರಡಕ್ಕೆ ಬಂದಿದೆ. ನಾನು ಹಿಡಿದಾಗ ಬರೀ ಐವತ್ತೆರಡು," ಎಂದ.

"ಡೆಂಗಿ ಬಿಟ್ಟು ಹೋಗೋವಾಗ ಎಷ್ಟೋ ಜನರಿಗೆ ಹೃದಯ ಕೆಲವು ದಿನ ಹೀಗೇ ನಿಧಾನ ಆಗುತ್ತೆ. ತಲೆಸುತ್ತು ಇಲ್ದಿದ್ರೆ ಭಯ ಇಲ್ಲ. ಒಂದು ವಾರ ಮನೇಲಿ ದಿನಾ ಎರಡು ಸಲ ಎಣಿಸಿ, ಬರೆದು ತನ್ನಿ."

"ನನ್ನ ಮೇಲಿನ ಬೇಜಾರಿಗೆ ಅಲ್ವಾ?"

"ಅದಕ್ಕೆ ರಕ್ತದೊತ್ತಡ ಏರುತ್ತೆ, ದೋನ್ ಎವಾರಿಸ್ತೊ."

ಮನೆಗೆ ಹೊರಡುವ ಮುನ್ನ ದಿಯೊನೀಸಿಯಾ ಹಾಳೆ ಕೇಳಿದಳು. ಎಲಾದಿಯಾ ಮೂರು ಸುಳ್ಳು ಅಂಕಿಗಳನ್ನು ಕೆಂಪಿನಲ್ಲಿ ಹೊಡೆದು ಪಕ್ಕದಲ್ಲಿ ನಿಜದ್ದನ್ನು ಬರೆದಿದ್ದಳು. ದಿಯೊನೀಸಿಯಾ ಅದನ್ನು ಹೊಲಿಗೆ ತಪ್ಪಿದ ಅಂಗಿಯಂತೆ ಬೆಳಕಿಗೆ ಹಿಡಿದು ನೋಡಿದಳು.

"ಎಂಬತ್ನಾಲ್ಕು ಅಂತ ಬರೀವಾಗ ಕೈ ನಡುಗ್ಲಿಲ್ವಾ?"

"ನಡುಗ್ತು."

"ನಾನು ಸತ್ತಿದ್ರೆ ಏನ್ ಮಾಡ್ತಿದ್ದೆ?"

ಅವಳೇ ಉತ್ತರ ಕೊಟ್ಟಳು. "ಪೆಟ್ಟಿಗೆ ಪಕ್ಕದಲ್ಲಿ ನಿಂತು, ಯಾರ್ಯಾರು ಎಷ್ಟೆಷ್ಟು ಅಳ್ತಾರೆ ಅಂತ ಎಣಿಸ್ತಿದ್ದೆ."

ಅದು ನಿಜವೆಂದು ಅವನಿಗೂ ಅನ್ನಿಸಿತು. ಅದಕ್ಕೇ ಅಷ್ಟು ಅಳು ಬಂತು. ಐಸ್‌ಗಾಡಿಯ ಮೇಲೆ ಚಾಪೆ ಹಾಸಿ, ಕೊಡೆ ಕಟ್ಟಿ, ಊರಿಗೆಲ್ಲ ಕಾಣುವಂತೆ ಅವಳನ್ನು ಕೂರಿಸಿಕೊಂಡು ಮನೆಯವರೆಗೂ ತಳ್ಳಿಕೊಂಡು ಹೋದ.

ಅಂದು ಸಂಜೆ ಅವಳು ಮಾವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಉಳಿದ ಅಂಗಿಗಳಿಗೆ ಗುಂಡಿ ಹಚ್ಚಲು ಕೂತಳು. ಐದಾಯಿತು. ರೇಡಿಯೊವನ್ನು ಅವಳೇ ಹಾಕಿದಳು. ಕ್ರಿಸ್ಪೀನ್ ಯಾರದೋ ಕಳೆದುಹೋದ ಕರುವಿನ ಬಗ್ಗೆ ಹೃದಯ ಕರಗುವಂತೆ ಹೇಳುತ್ತಿದ್ದ. ಎವಾರಿಸ್ತೊ ಹೆಂಡತಿಯ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ, ತುಟಿ ಅಲ್ಲಾಡಿಸುತ್ತ, ಪೂರ್ತಿ ಒಂದು ಸುತ್ತು ಎಣಿಸಿದ. ಐವತ್ತೆರಡು. ಆ ಜೇನಿನ ದನಿಗೂ ಐವತ್ತೆರಡೇ! ಅವನ ಎದೆಗೆ ತಂಗಾಳಿ ಬೀಸಿತು. ಮರುಕ್ಷಣವೇ ಹೊಳೆಯಿತು: ಬೆಳಿಗ್ಗೆ ಈ ದನಿ ಇಲ್ಲದೆ ತಾನೊಬ್ಬನೇ ಕೈ ಹಿಡಿದಾಗಲೂ ಐವತ್ತೆರಡೇ ಇತ್ತಲ್ಲ. ಹಾಗಾದರೆ ಇವಳಿಗೆ ಇಬ್ಬರೂ ಒಂದೇನಾ? ಎರಡೇ ಎರಡು ಬಡಿತ ನನ್ನ ಕಡೆ ಹೆಚ್ಚಾಗಿದ್ದರೆ ಯಾರ ಗಂಟು ಹೋಗುತ್ತಿತ್ತು?

ಮೆಲ್ಲಗೆ ಹಾಳೆಯ ಕಡೆ ಕೈ ಚಾಚಿದ. ದಿಯೊನೀಸಿಯಾ ಹಲ್ಲಿನಿಂದ ದಾರ ಕಡಿದು, ಹಾಳೆಯನ್ನೂ ಪೆನ್ನನ್ನೂ ತನ್ನ ಮಡಿಲಿಗೆ ಎಳೆದುಕೊಂಡಳು.

"ನೀನು ಎಣಿಸು ಮುದುಕಾ," ಎಂದಳು. "ಬರೆಯೋದು ನಾನು. ಹೇಳು, ಎಷ್ಟು?"